ಮಿದುಳಿನಲ್ಲಿ ರಕ್ತ ಜೋರಾಗಿ ಓಡಿದರೆ ಭಯ ಯಾಕೆ?

ಸಿಕಲ್ ಸೆಲ್ (ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ) ಪಾಠದಲ್ಲಿ ನಾನು ಎಡವಿದ್ದು ಒಂದೇ ಕಡೆ. ಮಗುವಿನ ಮಿದುಳಿನ ಧಮನಿಯಲ್ಲಿ ರಕ್ತದ ವೇಗ ಸೆಕೆಂಡಿಗೆ 210 ಸೆಂ.ಮೀ. ಎಂದಿತ್ತು ಪ್ರಶ್ನೆಯಲ್ಲಿ. ವೇಗ ಜಾಸ್ತಿ, ಅಂದಮೇಲೆ ಪೂರೈಕೆ ಚೆನ್ನಾಗಿದೆ ಅಂತ ಬರೆದು ಬಂದೆ. ಪೂರ್ತಿ ಉಲ್ಟಾ.

ಮಸಿನಗುಡಿಯವಳಾದ ನನಗೆ ಇದನ್ನು ಮೊಯಾರ್ ಹೊಳೆಯೇ ಕಲಿಸಬೇಕಿತ್ತು. ಅಗಲ ಇರುವಲ್ಲಿ ಸುಮ್ಮನೆ ಹೋಗುವ ನೀರು ಕಮರಿಯ ಇಕ್ಕಟ್ಟಿಗೆ ಬಂದೊಡನೆ ಭೋರ್ಗರೆಯುತ್ತದೆ. ನೀರು ಹೆಚ್ಚಿದ್ದಲ್ಲ, ದಾರಿ ಕಿರಿದಾಯಿತು.

ಸಿಕಲ್ ಸೆಲ್ ಇರುವ ಮಕ್ಕಳಲ್ಲಿ ಹರಿವು ಹೆಚ್ಚುವುದು, ದಾರಿ ಕಿರಿದಾಗುವುದು ಎರಡೂ ಆಗುತ್ತವೆ ಅನ್ನುವುದೇ ತೊಡಕು. ಹಿಮೋಗ್ಲೋಬಿನ್ 7–8ಕ್ಕೆ ಇಳಿದಿರುವುದರಿಂದ ರಕ್ತ ಹೊರುವ ಆಮ್ಲಜನಕ ಕಡಿಮೆ. ಅದನ್ನು ಸರಿದೂಗಿಸಲು ನಾಳಗಳು ಹಿಗ್ಗಿ ಹೆಚ್ಚು ರಕ್ತ ಬಿಡುತ್ತವೆ. ಮೊದಲೇ ಹಿಗ್ಗಿ ನಿಂತ ನಾಳ ಜ್ವರ ಬಂದ ದಿನ ಇನ್ನೆಷ್ಟು ಹಿಗ್ಗೀತು? ಅದರ ಮೇಲೆ ಕುಡುಗೋಲಿನಂತೆ ಬಾಗಿದ ಕಣಗಳು ಒಳಗೋಡೆಯನ್ನು ಕೆಡಿಸಿ, ಕುತ್ತಿಗೆಯಿಂದ ಮಿದುಳಿಗೆ ರಕ್ತ ಒಯ್ಯುವ ಒಳ ಕ್ಯಾರೋಟಿಡ್ ಧಮನಿಯ ತುದಿಯನ್ನೂ ಮಧ್ಯ ಮಿದುಳು ಧಮನಿಯ ಬುಡವನ್ನೂ ಕಿರಿದಾಗಿಸುತ್ತವೆ. ಮುಂದಿನ ಹೆಜ್ಜೆ ಲಕ್ವ.

ವೇಗ ಅಳೆಯುವುದು ಟಿಸಿಡಿ ಡಾಪ್ಲರ್‌ನಿಂದ, ಅಂದರೆ ತಲೆಬುರುಡೆಯ ಮೂಲಕ ಮಾಡುವ ಅಲ್ಟ್ರಾಸೌಂಡ್‌ನಿಂದ. ಕಣತಲೆಯ ಮೂಳೆ ತೆಳು, ಪ್ರೋಬ್ ಅಲ್ಲಿಗೇ ಇಡಬೇಕು. ಮಗು ಎಚ್ಚರವಾಗಿ ಶಾಂತವಾಗಿರಲಿ. ನಿದ್ದೆ, ಅಳು ಎರಡೂ ಅಂಕಿಯನ್ನು ಅಲುಗಾಡಿಸುತ್ತವೆ. ಸೆಕೆಂಡಿಗೆ 170 ಸೆಂ.ಮೀ. ಒಳಗಿದ್ದರೆ ಸರಿ, 170–199 ಕಣ್ಣಿಡಬೇಕಾದ್ದು, 200 ಮುಟ್ಟಿದರೆ ಮರುಪರೀಕ್ಷೆ ಮಾಡಿ ಚಿಕಿತ್ಸೆ. 2ರಿಂದ 16 ವರ್ಷದವರೆಗೆ ವರ್ಷಕ್ಕೊಮ್ಮೆ.

1998ರಲ್ಲಿ ಪ್ರಕಟವಾದ ಸ್ಟಾಪ್ ಪ್ರಯೋಗದಲ್ಲಿ ಹೀಗೆ ವೇಗ ಏರಿದ್ದ 130 ಮಕ್ಕಳಿದ್ದರು. ನಿಯಮಿತವಾಗಿ ರಕ್ತ ಕೊಟ್ಟ ಗುಂಪಿನಲ್ಲಿ ಒಬ್ಬರಿಗೆ, ಕೊಡದ ಗುಂಪಿನಲ್ಲಿ 11 ಮಂದಿಗೆ ಪಾರ್ಶ್ವವಾಯು. ರಕ್ತ ಕೊಟ್ಟಷ್ಟೂ ದೇಹದಲ್ಲಿ ಕಬ್ಬಿಣ ತುಂಬುತ್ತದೆ, ಅದು ಬೇರೆಯೇ ತಲೆನೋವು. ವರ್ಷವಾದರೂ ರಕ್ತ ಪಡೆದು, ನಾಳಗಳು ತೀರಾ ಕೆಟ್ಟಿರದ ಮಕ್ಕಳು ಹೈಡ್ರಾಕ್ಸಿಯೂರಿಯಾ ಎಂಬ ಔಷಧಿಗೆ ಬದಲಾಗಬಹುದು ಎಂದು 2016ರ ಟ್ವಿಚ್ ಪ್ರಯೋಗ ತೋರಿಸಿತು.

ಒಂದು ಎಚ್ಚರಿಕೆ. ಭಾರತದಲ್ಲಿ ಈ ಕಾಯಿಲೆ ಮೊದಲು ದಾಖಲಾದದ್ದು 1952ರಲ್ಲಿ, ನಮ್ಮ ನೀಲಗಿರಿಯ ಬುಡಕಟ್ಟುಗಳಲ್ಲೇ. ಇಲ್ಲಿನ ಅರಬ್-ಭಾರತೀಯ ಬಗೆಯಲ್ಲಿ ಕಣ ಬಾಗುವುದನ್ನು ತಡೆಯುವ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚು ಉಳಿದಿರುತ್ತದೆ, ಕಾಯಿಲೆ ಹಲವರಲ್ಲಿ ಸೌಮ್ಯ. ಅಮೆರಿಕದ ಅಪಾಯದ ಅಂಕಿಯನ್ನು ಇಲ್ಲಿನ ಪಣಿಯ ಬುಡಕಟ್ಟಿನ ಮಗುವಿಗೆ ಹಾಗೇ ಅಂಟಿಸಬೇಡಿ. ಸೌಮ್ಯ ಅಂತ ಪರೀಕ್ಷೆ ಬಿಡಲೂ ಬೇಡಿ.

ಟಿಸಿಡಿ ಹಿಡಿಯದ ಇನ್ನೊಂದಿದೆ: ಮೂಕ ಇನ್‌ಫಾರ್ಕ್ಟ್, ಅಂದರೆ ರಕ್ತ ಸಿಗದೆ ಮಿದುಳಿನ ಚೂರೊಂದು ಸದ್ದಿಲ್ಲದೆ ಸಾಯುವುದು. ಕೈಕಾಲು ಸೋಲುವುದಿಲ್ಲ, ಬಾಯಿ ಓರೆಯಾಗುವುದಿಲ್ಲ, ಎಂಆರ್‌ಐನಲ್ಲಿ ಮಾತ್ರ ಕಲೆ. ಎರಡನೇ ಕ್ಲಾಸಿನಲ್ಲಿ ಮಗ್ಗಿ ಪಟಪಟ ಹೇಳುತ್ತಿದ್ದ ಹುಡುಗ ನಾಲ್ಕರಲ್ಲಿ ಕೂಡುವಾಗ ದಶಕ ಮರೆಯುತ್ತಾನೆ. ಶಾಲೆಯಲ್ಲಿ ಸೋಮಾರಿ ಅನ್ನುತ್ತಾರೆ. ವಾರ್ಡಿನಲ್ಲಿ ಹಿಸ್ಟರಿ ತೆಗೆಯುವಾಗ ನೋವು, ಜ್ವರ ಕೇಳಿದ ಮೇಲೆ ಅಮ್ಮನನ್ನು ಇದನ್ನೂ ಕೇಳಿ: ಲೆಕ್ಕ ತಪ್ಪಲು ಶುರುವಾದದ್ದು ಯಾವಾಗಿನಿಂದ?