ಕುಂಬಳಕಾಯಿ ಕಳ್ಳ ಮತ್ತು ಹಂದಿಗಳ ಕತೆ

2018ರ ಫೆಬ್ರವರಿ ಕೊನೆಯಲ್ಲಿ ಚೀನಾದ ಕಮ್ಯುನಿಸ್ಟ್ ಪಕ್ಷ ಒಂದು ಪ್ರಸ್ತಾವ ಮುಂದಿಟ್ಟಿತು. ಅಧ್ಯಕ್ಷರಾದವರು ಎರಡು ಅವಧಿಗಿಂತ ಹೆಚ್ಚು ಇರಬಾರದು ಎಂಬ ಮಾತನ್ನು ಸಂವಿಧಾನದಿಂದ ತೆಗೆದುಹಾಕುವ ಪ್ರಸ್ತಾವ. ಸುದ್ದಿ ಹೊರಬಿದ್ದದ್ದೇ ತಡ, ಅಲ್ಲಿನ ವೈಬೊ ಜಾಲತಾಣದಲ್ಲಿ ಕೆಲವು ಪದಗಳನ್ನು ಹುಡುಕಿದರೆ ಏನೂ ಸಿಗದಂತಾಯಿತು. ಅವುಗಳಲ್ಲಿ ಒಂದು 'ಅನಿಮಲ್ ಫಾರ್ಮ್'. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಬರೆದು 1945ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಹಂದಿ, ಕುದುರೆ, ಕೋಳಿಗಳ ಪುಟ್ಟ ಕತೆ. ಅದರಲ್ಲಿ ಚೀನಾದ ಹೆಸರೇ ಬರೋದಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗಾಯಿತು.

ಕ್ರಾಂತಿ ಮತ್ತು ಸರ್ವಾಧಿಕಾರದ ಕುರಿತ ರೂಪಕ ಕತೆಗಳ ಬಗ್ಗೆ ಎಲ್ಲರೂ ಹೇಳುವ ಮಾತೊಂದಿದೆ. ನೇರವಾಗಿ ಬರೆದರೆ ತಲೆ ಹೋಗುತ್ತದೆ, ಅದಕ್ಕೇ ಲೇಖಕರು ಪ್ರಾಣಿಗಳಿಗೆ ಮಾತು ಕೊಡುತ್ತಾರೆ ಅಂತ. ಇದು ಅರ್ಧ ನಿಜ. ಕಳೆದ ನೂರು ವರ್ಷ ನೋಡಿದರೆ ಈ ವೇಷ ಬರೆದವರನ್ನು ಅಷ್ಟೇನೂ ಕಾಪಾಡಿಲ್ಲ. ವೇಷದ ಹಿಂದೆ ಯಾರಿದ್ದಾರೆ ಅಂತ ಎಷ್ಟೋ ಸಲ ಮೊದಲು ಗುರುತು ಹಿಡಿದವರು ಪೊಲೀಸರೇ.

ಕತೆ ಶುರುವಾಗೋದು ರಷ್ಯಾದಿಂದ. ಸಾರ್ ದೊರೆಗಳ ಕಾಲದಲ್ಲೇ ಅಲ್ಲಿ ಸೆನ್ಸಾರ್ ಕಣ್ಣು ತಪ್ಪಿಸಿ ಬರೆಯುವ ಸುತ್ತುಬಳಸು ಮಾತಿಗೆ 'ಈಸೋಪನ ಭಾಷೆ' ಅಂತ ಹೆಸರು ಬಿದ್ದಿತ್ತು. ಇತಿಹಾಸಕಾರ ನಿಕೊಲಾಯ್ ಕೊಸ್ತೊಮಾರೊವ್ ಒಬ್ಬ ಜಮೀನ್ದಾರನ ದನಕರುಗಳು ದಂಗೆ ಏಳುವ ಕತೆ ಬರೆದಿಟ್ಟಿದ್ದ. ಅದು ಅಚ್ಚಾದದ್ದು ಅವನು ಸತ್ತು ಮೂವತ್ತು ವರ್ಷ ದಾಟಿದ ಮೇಲೆ, ಸರಿಯಾಗಿ ರಷ್ಯಾದ ಕ್ರಾಂತಿ ಆದ 1917ರಲ್ಲಿ. ಜಾರ್ಜ್ ಆರ್ವೆಲ್ ಅದನ್ನು ಓದಿದ್ದ ಅನ್ನೋದಕ್ಕೆ ಪುರಾವೆ ಇಲ್ಲ.

ಕ್ರಾಂತಿ ಆದ ಕೆಲವೇ ವರ್ಷಕ್ಕೆ, 1920-21ರಲ್ಲಿ, ಎವ್ಗೆನಿ ಝಮ್ಯಾತಿನ್ 'ವೀ' (ಅಂದ್ರೆ 'ನಾವು') ಕಾದಂಬರಿ ಬರೆದ. ಅದರಲ್ಲಿ ಜನರಿಗೆ ಹೆಸರಿಲ್ಲ, ನಂಬರ್ ಇದೆ. ಮನೆಯ ಗೋಡೆಗಳೆಲ್ಲ ಗಾಜು. ಪರದೆ ಇಳಿಸಬೇಕಾದರೆ ಚೀಟಿ ಬೇಕು. ಝಮ್ಯಾತಿನ್ ಸ್ವತಃ ಕ್ರಾಂತಿ ಮಾಡಿದ ಬೊಲ್ಶೆವಿಕ್ ಪಕ್ಷದಲ್ಲಿ ಹಿಂದೆ ಇದ್ದವನು, ಸಾರ್ ಕಾಲದಲ್ಲಿ ಜೈಲು ಕಂಡವನು. ಆದರೂ ಪುಸ್ತಕಕ್ಕೆ ಸ್ವಂತ ದೇಶದಲ್ಲಿ ಜಾಗ ಸಿಗಲಿಲ್ಲ. 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷ್ ಅನುವಾದ ಬಂತು, ರಷ್ಯಾದ ಓದುಗರಿಗೆ ಅದು ಸಿಕ್ಕಿದ್ದು 1988ರಲ್ಲಿ. 1931ರಲ್ಲಿ ಅವನು ಸ್ಟಾಲಿನ್‌ಗೇ ಪತ್ರ ಬರೆದು ದೇಶ ಬಿಡಲು ಅನುಮತಿ ಕೇಳಿದ. ಆಶ್ಚರ್ಯ ಅಂದ್ರೆ, ಸಿಕ್ಕಿತು.

ಮಿಖಾಯಿಲ್ ಬುಲ್ಗಾಕೊವ್‌ಗೆ ಅಂಥ ಅದೃಷ್ಟ ಇರಲಿಲ್ಲ. 1925ರ ಮಾರ್ಚಿನಲ್ಲಿ ಅವನು ಮಾಸ್ಕೋದ ಒಂದು ಸಾಹಿತ್ಯ ಕೂಟದಲ್ಲಿ ತನ್ನ ಹೊಸ ಕತೆ ಓದಿದ. ಒಬ್ಬ ಪ್ರೊಫೆಸರ್ ಬೀದಿನಾಯಿಗೆ ಮನುಷ್ಯನ ಗ್ರಂಥಿಗಳನ್ನು ಜೋಡಿಸುತ್ತಾನೆ. ನಾಯಿ ಮನುಷ್ಯ ಆಗುತ್ತದೆ. ಕುಡಿಯುತ್ತದೆ, ಬಾಯಿಗೆ ಬಂದಂತೆ ಬೈಯುತ್ತದೆ, ಮನೆಯಲ್ಲಿ ತನ್ನ ಪಾಲಿನ ಜಾಗ ಕೇಳುತ್ತದೆ. ಕೊನೆಗೆ ಅದಕ್ಕೆ ಸರ್ಕಾರಿ ಕೆಲಸವೂ ಸಿಗುತ್ತದೆ: ಊರಿನ ಬೀದಿ ಬೆಕ್ಕುಗಳನ್ನು ಹಿಡಿಸುವ ಇಲಾಖೆಯ ಮುಖ್ಯಸ್ಥ! ಕೇಳಿದವರು ಬಿದ್ದು ಬಿದ್ದು ನಕ್ಕರು. ಕೇಳುಗರ ನಡುವೆ ಗುಪ್ತ ಪೊಲೀಸರ ಕಡೆಯವನೊಬ್ಬನೂ ಕೂತಿದ್ದ. ಅವನು ಬರೆದ ವರದಿ ಈಗ ಸಿಕ್ಕಿದೆ. ಮರುವರ್ಷದ ಮೇ ತಿಂಗಳಲ್ಲಿ ಬುಲ್ಗಾಕೊವ್ ಮನೆ ಶೋಧಿಸಿ ಹಸ್ತಪ್ರತಿಯನ್ನೂ ಡೈರಿಯನ್ನೂ ಹೊತ್ತೊಯ್ದರು. 'ಹಾರ್ಟ್ ಆಫ್ ಎ ಡಾಗ್' ಸೋವಿಯತ್ ದೇಶದಲ್ಲಿ ಅಚ್ಚಾಗಲು 1987 ಬರಬೇಕಾಯಿತು. ಅಷ್ಟರಲ್ಲಿ ಲೇಖಕ ತೀರಿಕೊಂಡು 47 ವರ್ಷ ಆಗಿತ್ತು.

ಸರ್ವಾಧಿಕಾರ ಇದ್ದ ಕಡೆ ಇದೆಲ್ಲ ಆಗೋದೇ ಬಿಡಿ. ನನಗೆ ಇದಕ್ಕಿಂತ ಸ್ವಾರಸ್ಯ ಅನ್ನಿಸೋದು ಇಂಗ್ಲೆಂಡಿನ ಕತೆ.

ಆರ್ವೆಲ್ 1937ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಸೇನಾನಾಯಕ ಫ್ರಾಂಕೊ ವಿರುದ್ಧ ಹೋರಾಡಿದ್ದ. ಗಂಟಲಿಗೆ ಗುಂಡು ತಗುಲಿ ಬದುಕಿದ. ಅವನನ್ನು ಅಲ್ಲಿಂದ ತಲೆತಪ್ಪಿಸಿಕೊಂಡು ಓಡುವ ಹಾಗೆ ಮಾಡಿದ್ದು ಮಾತ್ರ ಫ್ರಾಂಕೊ ಅಲ್ಲ, ಅವನದೇ ಪಾಳೆಯದಲ್ಲಿದ್ದ ಸ್ಟಾಲಿನ್ ಬೆಂಬಲಿಗರು. ಆ ಸಿಟ್ಟನ್ನು ಕತೆ ಮಾಡೋದು ಹೇಗೆಂದು ಯೋಚಿಸುತ್ತಿದ್ದಾಗ ಒಂದು ದೃಶ್ಯ ಕಣ್ಣಿಗೆ ಬಿತ್ತು. ಹತ್ತು ವರ್ಷದ ಹುಡುಗನೊಬ್ಬ ಇಕ್ಕಟ್ಟಾದ ದಾರಿಯಲ್ಲಿ ಭಾರೀ ಗಾಡಿ ಕುದುರೆಯನ್ನು ಚಾವಟಿಯಿಂದ ಹೊಡೆದು ಓಡಿಸುತ್ತಿದ್ದ. ಈ ಪ್ರಾಣಿಗೆ ತನ್ನ ಬಲ ಗೊತ್ತಾಗಿಬಿಟ್ಟರೆ? ಅಲ್ಲಿಂದ ಕತೆ ಹುಟ್ಟಿತು ಅಂತ ಅವನೇ ಬರೆದಿದ್ದಾನೆ. ಕತೆಯಲ್ಲಿ ಪ್ರಾಣಿಗಳು ದಂಗೆ ಎದ್ದು ತೋಟದ ಯಜಮಾನನನ್ನು ಓಡಿಸುತ್ತವೆ, ಆಮೇಲೆ ಹಂದಿಗಳೇ ಆಳುವವರಾಗುತ್ತವೆ. ಅವುಗಳ ನಾಯಕ ನೆಪೋಲಿಯನ್ ಎಂಬ ಹಂದಿ ಅಂದ್ರೆ ಸ್ಟಾಲಿನ್.

1944ರ ಹೊತ್ತಿಗೆ ಬರೆದು ಮುಗಿಸಿದ. ಪ್ರಕಟಿಸೋರು ಯಾರು? ಯುದ್ಧದಲ್ಲಿ ರಷ್ಯಾ ಬ್ರಿಟನ್ನಿನ ದೋಸ್ತಿ. ಜೊನಾಥನ್ ಕೇಪ್ ಸಂಸ್ಥೆ ಮೊದಲು ಒಪ್ಪಿ, ವಾರ್ತಾ ಸಚಿವಾಲಯದ ಅಧಿಕಾರಿಯೊಬ್ಬನ ಸಲಹೆ ಕೇಳಿ ಹಿಂದೆ ಸರಿಯಿತು. ಆಳುವವರು ಹಂದಿಗಳ ಬದಲು ಬೇರೆ ಪ್ರಾಣಿ ಆಗಿದ್ದರೆ ರಷ್ಯನ್ನರಿಗೆ ಇಷ್ಟು ನೋವಾಗುತ್ತಿರಲಿಲ್ಲ ಅಂತಲೂ ಬರೆಯಿತು. ಆ ಅಧಿಕಾರಿ ಪೀಟರ್ ಸ್ಮೋಲೆಟ್ ಎಂದು ಈಗ ನಂಬಲಾಗಿದೆ. ಅವನು ಸೋವಿಯತ್ ಗೂಢಚಾರ ಅಂತ ಆಮೇಲೆ ಬಯಲಾಯಿತು! ಫೇಬರ್ ಸಂಸ್ಥೆಯ ಪರವಾಗಿ ಕವಿ ಎಲಿಯಟ್ ಬರೆದ ಪತ್ರ ಇನ್ನೂ ಮಜವಾಗಿದೆ. ನಿಮ್ಮ ಹಂದಿಗಳೇ ಅಲ್ಲಿ ಎಲ್ಲರಿಗಿಂತ ಬುದ್ಧಿವಂತ ಪ್ರಾಣಿಗಳು, ಬೇಕಾಗಿದ್ದದ್ದು ಜನರ ಹಿತ ಬಯಸುವ ಇನ್ನಷ್ಟು ಹಂದಿಗಳು ಎಂಬರ್ಥದ ಮಾತು ಅದರಲ್ಲಿದೆ. ಈ ಮಧ್ಯೆ ಜರ್ಮನ್ ಬಾಂಬಿಗೆ ಆರ್ವೆಲ್ ಮನೆಯೇ ಕುಸಿಯಿತು. ಹಸ್ತಪ್ರತಿಯನ್ನು ಅವಶೇಷದೊಳಗಿಂದ ಹೆಕ್ಕಿ ತೆಗೆಯಬೇಕಾಯಿತು.

ಕೊನೆಗೆ ಸೆಕರ್ ಅಂಡ್ ವಾರ್‌ಬರ್ಗ್ ಒಪ್ಪಿತು. ಅಚ್ಚಿಗೆ ಹೋಗುವ ಮುಂಚೆ ಆರ್ವೆಲ್ ಒಂದು ಸಣ್ಣ ತಿದ್ದುಪಡಿ ಕೇಳಿದ. ಗಾಳಿಯಂತ್ರ ಸ್ಫೋಟವಾದಾಗ ನೆಪೋಲಿಯನ್ ಹಂದಿಯೂ ಸೇರಿ ಎಲ್ಲ ಪ್ರಾಣಿಗಳು ನೆಲಕ್ಕೆ ಬಿದ್ದವು ಅಂತ ಮೊದಲು ಇತ್ತು. ಅದನ್ನು 'ನೆಪೋಲಿಯನ್ ಒಬ್ಬನನ್ನು ಬಿಟ್ಟು' ಅಂತ ಮಾಡಿಸಿದ. ಯಾಕಂದ್ರೆ ಜರ್ಮನ್ ಸೈನ್ಯ ಮಾಸ್ಕೋ ಹತ್ತಿರ ಬಂದಾಗಲೂ ಸ್ಟಾಲಿನ್ ಊರು ಬಿಟ್ಟು ಹೋಗಿರಲಿಲ್ಲ. ಹಂದಿ ಅಂತ ಕರೆದವನಿಗೂ ನ್ಯಾಯ ತಪ್ಪಬಾರದು. ರೂಪಕ ಅಂದ್ರೆ ಸುಮ್ನೆ ಬೈಗುಳ ಅಲ್ಲ ಅನ್ನೋದು ನನಗೆ ಇಲ್ಲಿ ಕಾಣುತ್ತದೆ. ಹೋಲಿಕೆ ಒಂದು ಕಡೆ ಸುಳ್ಳಾದರೆ ಓದುಗ ಉಳಿದದ್ದನ್ನೂ ನಂಬೋದಿಲ್ಲ.

ಇನ್ನೊಂದು ಕಡೆಯೂ ಅವನು ಅಷ್ಟೇ ಲೆಕ್ಕ ಇಟ್ಟಿದ್ದ. ಕತೆಯ ತಿರುವು ಯಾವುದು ಅಂದರೆ ಹೆಚ್ಚಿನವರು ನಾಯಿಗಳ ದಾಳಿಯನ್ನೋ ಕುದುರೆಯ ಸಾವನ್ನೋ ಹೇಳುತ್ತಾರೆ. ಆರ್ವೆಲ್ ಬೇರೆಯದೇ ತೋರಿಸಿದ: ಹಂದಿಗಳು ಹಾಲು, ಸೇಬನ್ನು ತಾವೇ ಇಟ್ಟುಕೊಂಡ ಆ ದಿನ. ಅವನ ಮನಸ್ಸಿನಲ್ಲಿದ್ದದ್ದು 1921ರಲ್ಲಿ ಬೊಲ್ಶೆವಿಕ್ ಸರ್ಕಾರದ ವಿರುದ್ಧ ಎದ್ದ, ಸರ್ಕಾರ ಹತ್ತಿಕ್ಕಿದ ಕ್ರೊನ್‌ಷ್ಟಾಟ್ ನಾವಿಕರ ದಂಗೆ. ಉಳಿದ ಪ್ರಾಣಿಗಳು ಆವತ್ತೇ ಅಡ್ಡ ನಿಂತಿದ್ದರೆ ಎಲ್ಲ ಸರಿ ಇರುತ್ತಿತ್ತು ಅನ್ನೋದು ಅವನ ವಾದ. ಬಕೆಟ್ ಹಾಲಿಗೆ ಯಾರು ಜಗಳ ಆಡ್ತಾರೆ, ಹೇಳಿ?

ಪುಸ್ತಕ ಗೆದ್ದಿತು. ಕೂಡಲೇ ಅದಕ್ಕೆ ಮಾಲೀಕರು ಜಾಸ್ತಿ ಆದರು. 1947ರಲ್ಲಿ ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿದ್ದ ಉಕ್ರೇನಿಯನ್ನರು ತಮ್ಮ ಭಾಷೆಗೆ ಅನುವಾದ ತಂದಾಗ ಅಮೆರಿಕನ್ ಸೇನಾಡಳಿತ ಆ ಪ್ರತಿಗಳಲ್ಲಿ ಹಲವನ್ನು ಹಿಡಿದು ರಷ್ಯನ್ನರಿಗೆ ಒಪ್ಪಿಸಿತು. ಕೆಲವೇ ವರ್ಷದಲ್ಲಿ ಶೀತಲ ಸಮರ ಕಾವೇರಿತು, ಅದೇ ಅಮೆರಿಕದ ಸಿಐಎ ದುಡ್ಡಿನಲ್ಲಿ ಕತೆ ಕಾರ್ಟೂನ್ ಸಿನಿಮಾ ಆಯಿತು. 1954ರಲ್ಲಿ ತೆರೆಗೆ ಬಂದಾಗ ಕೊನೆ ಬೇರೆಯೇ ಇತ್ತು. ಪುಸ್ತಕದ ಕೊನೆಯಲ್ಲಿ ಹಂದಿಗಳೂ ಮನುಷ್ಯರೂ ಒಂದೇ ಮೇಜಿನಲ್ಲಿ ಇಸ್ಪೀಟು ಆಡುತ್ತಿರುತ್ತಾರೆ, ಯಾರು ಯಾರೆಂದು ಗುರುತೇ ಸಿಗೋದಿಲ್ಲ. ಸಿನಿಮಾದಲ್ಲಿ ಮೇಜಿನ ಸುತ್ತ ಬರೀ ಹಂದಿಗಳು, ಪ್ರಾಣಿಗಳು ನುಗ್ಗಿ ಅವನ್ನು ಸದೆಬಡಿಯುತ್ತವೆ. ಕಮ್ಯುನಿಸ್ಟರೂ ಬಂಡವಾಳಗಾರರೂ ಒಂದೇ ಥರ ಕಾಣುವ ಚಿತ್ರಕ್ಕೆ ಅಮೆರಿಕ ದುಡ್ಡು ಕೊಡುತ್ತದಾ? ಅವರೂ ಒಮ್ಮೆ ಹೆಗಲು ಮುಟ್ಟಿಕೊಂಡರು.

ಆರ್ವೆಲ್ ಈ ಸಿನಿಮಾ ನೋಡಲಿಲ್ಲ, 1950ರ ಜನವರಿಯಲ್ಲೇ ತೀರಿಕೊಂಡಿದ್ದ. ಹರೆಯದಲ್ಲಿ ಐದು ವರ್ಷ ಅವನು ಬರ್ಮಾದಲ್ಲಿ ಬ್ರಿಟಿಷ್ ಪೊಲೀಸ್ ಅಧಿಕಾರಿ ಆಗಿದ್ದ, ಆ ಅನುಭವದ ಮೇಲೆ 'ಬರ್ಮೀಸ್ ಡೇಸ್' ಬರೆದ. ಮುಂದೆ ಸೇನಾಡಳಿತದ ದಿನಗಳಲ್ಲಿ ಅಲ್ಲಿನ ಜನ ಒಂದು ಜೋಕ್ ಹೇಳುತ್ತಿದ್ದರಂತೆ: ಆರ್ವೆಲ್ ನಮ್ಮ ದೇಶದ ಬಗ್ಗೆ ಬರೆದದ್ದು ಒಂದಲ್ಲ, ಮೂರು ಕಾದಂಬರಿ. ಉಳಿದೆರಡು 'ಅನಿಮಲ್ ಫಾರ್ಮ್' ಮತ್ತು '1984'.