ಕಕ್ಕಡದ ಮಳೆ, ಸ್ಟೀರಿಂಗಿಗೆ ಬೂಷ್ಟು

ಕಕ್ಕಡ ಅಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳು. ಆ ಮಳೆಯಲ್ಲಿ ಒಂದು ವಾರ ಕಾರು ತೆಗೆದಿರಲಿಲ್ಲ. ಆಮೇಲೆ ಬಾಗಿಲು ತೆಗೆದರೆ, ಲೆದರ್ ಸುತ್ತಿದ ಸ್ಟೀರಿಂಗ್ ಮೇಲೆ ಬೂದಿ ಉದುರಿಸಿದ ಹಾಗೆ ಬಿಳಿ ಬೂಷ್ಟು. ಅದೂ ನಾನು ಕೈ ಹಿಡಿಯುವ ಎರಡು ಜಾಗದಲ್ಲೇ ಜಾಸ್ತಿ. ನಮ್ಮ ಬೆವರು, ಚರ್ಮದ ಎಣ್ಣೆಯೇ ಅದಕ್ಕೆ ಊಟ. ಗಾಳಿಯ ತೇವ ಶೇ. 80 ದಾಟಿ ಕೆಲವು ದಿನ ಹಾಗೇ ನಿಂತರೆ ಸಾಕು, ಮಡಿಕೇರಿ ಕಡೆ ಜುಲೈ ಅಂದರೆ ಅದೇ ತಾನೇ. ತಮಾಷೆ ಏನಂದ್ರೆ, ಪಕ್ಕದ ಗಟ್ಟಿ ಪ್ಲಾಸ್ಟಿಕ್ ಡ್ಯಾಶ್‌ಬೋರ್ಡ್ ಮಾತ್ರ ತಣ್ಣಗೆ, ಸ್ವಚ್ಛವಾಗಿ ಕೂತಿತ್ತು. ಅದು ನೀರು ಹೀರಲ್ಲ, ಬೂಷ್ಟಿಗೆ ತಿನ್ನೋಕೂ ಏನೂ ಕೊಡಲ್ಲ.

ಇದೇ ಡ್ಯಾಶ್‌ಬೋರ್ಡನ್ನು ಬೆಂಗಳೂರಿನ ನಮ್ಮ ಭಾವ ಬಂದಾಗೆಲ್ಲ ಬೆರಳಲ್ಲಿ ಕುಟ್ಟಿ, 'ಟಕ್ ಟಕ್ ಅನ್ನುತ್ತೆ, ಕಳಪೆ' ಅನ್ನುತ್ತಾರೆ. ಈ ಕುಟ್ಟುವ ಚಾಳಿ ಯುರೋಪಿನ ಕಾರುಗಳನ್ನು ನೋಡಿ ಬಂದದ್ದು ಅಂತ ನನ್ನ ಅನುಮಾನ. ಅಲ್ಲಿ 1997ರ ನಾಲ್ಕನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಸಾಮಾನ್ಯ ಕಾರಿನ ಒಳಗೂ ದುಬಾರಿ ಕಾರಿನ ಸ್ಪರ್ಶ ತಂದು ಹೆಸರು ಮಾಡಿತು. ಮೆತ್ತನೆಯ ಡ್ಯಾಶ್‌ಬೋರ್ಡ್ ಅಂದರೆ ಬೇರೇನಲ್ಲ, ಫೋಮಿನ ಮೇಲೆ ತೆಳ್ಳನೆ ಪ್ಲಾಸ್ಟಿಕ್ ತೊಗಲು. ಒತ್ತಿದರೆ ತಗ್ಗುತ್ತೆ, ಕುಟ್ಟಿದರೆ ಸದ್ದು ನುಂಗುತ್ತೆ. ಜಪಾನಿನಲ್ಲಿ ಲೆಕ್ಕವೇ ಬೇರೆ. ಅಲ್ಲಿನ ದೊಡ್ಡವರು ಓಡಾಡುವ ಟೊಯೋಟಾ ಸೆಂಚುರಿಯಲ್ಲಿ ಲೆದರಿಗಿಂತ ಉಣ್ಣೆ ಬಟ್ಟೆಯ ಸೀಟಿಗೇ ಮರ್ಯಾದೆ, ಯಾಕಂದ್ರೆ ಲೆದರ್ ಮೇಲೆ ಸ್ವಲ್ಪ ಸರಿದು ಕೂತರೂ ಕಿರುಗುಟ್ಟುತ್ತೆ.

ಇನ್ನು ವಾಸನೆ. ಹೊಸ ಕಾರಿನ ಘಮ ಅಂತೀವಲ್ಲ, ಅದು ಪ್ಲಾಸ್ಟಿಕ್, ಅಂಟು, ಫೋಮಿನಿಂದ ಆವಿಯಾಗಿ ಬರುವ ರಾಸಾಯನಿಕಗಳು. ಬಿಸಿಲಿಗೆ ಇನ್ನೂ ಜಾಸ್ತಿ. ಅಮೆರಿಕದಲ್ಲಿ ಇದೇ ವಾಸನೆಯನ್ನು ಬಾಟಲಿಗೆ ತುಂಬಿ ಮಾರುತ್ತಾರೆ. ಚೀನಾದಲ್ಲಿ ಕಾರು ಕೊಂಡವರ ದೊಡ್ಡ ದೂರೇ ಇದು! ಎಷ್ಟರಮಟ್ಟಿಗೆ ಅಂದರೆ, ಕಾರು ತಾನೇ ಬಿಸಿಲಲ್ಲಿ ಹೋಗಿ ನಿಂತು, ಕಿಟಕಿ ಇಳಿಸಿ, ಹೀಟರ್ ಹಾಕಿಕೊಂಡು ವಾಸನೆ ಓಡಿಸುವ ಉಪಾಯಕ್ಕೆ ಫೋರ್ಡ್ ಪೇಟೆಂಟ್ ಅರ್ಜಿ ಹಾಕಿದ್ದು 2018ರಲ್ಲಿ ಸುದ್ದಿಯಾಗಿತ್ತು. ನಮ್ಮಲ್ಲಿ ಕಕ್ಕಡದಲ್ಲಿ ಆ ಕಾರು ಬಿಸಿಲು ಹುಡುಕಿಕೊಂಡು ಹುಣಸೂರಿಗೇ ಹೋಗಬೇಕಿತ್ತೇನೋ.

ನಾನು ವಿನೆಗರ್ ಬಟ್ಟೆಯಲ್ಲಿ ಒರೆಸಿ, ಎಸಿ ಹಾಕಿ ಅರ್ಧ ಗಂಟೆ ಓಡಿಸಿದೆ. ಎಸಿ ಗಾಳಿಯ ತೇವವನ್ನು ನೀರು ಮಾಡಿ ಹೊರಗೆ ಸುರಿಸುತ್ತಲ್ವಾ, ಅದಕ್ಕೆ. ಮೊನ್ನೆ ಭಾವ ಬಂದಿದ್ದರು. ಈ ಸಲ ಡ್ಯಾಶ್‌ಬೋರ್ಡ್ ಕುಟ್ಟಲಿಲ್ಲ, ಬಾಗಿಲು ತೆಗೆದವರೇ ಮೂಗು ಮುಚ್ಚಿಕೊಂಡರು.