ಮೊದಲು ಬಟ್ಟೆಯ ಒಳಮೈ ನೋಡಿ

ಹಳೆಯ ಪ್ರಿಂಟೆಡ್ ಬಟ್ಟೆ ಹಿಡಿದು ಬರುವವರು ಚಿತ್ರಕಾರನ ಹೆಸರನ್ನೂ ಜೊತೆಗೇ ತಂದಿರುತ್ತಾರೆ. "ಮೇಡಂ, ಇದು ಮೊಂಡ್ರಿಯಾನ್ ಅಲ್ವಾ?" ಅಂತ ಕೇಳುತ್ತಾರೆ. ಫೋನಿನಲ್ಲಿ ಫೋಟೋ ಹಾಕಿ ಹುಡುಕಿದರೆ ಯಾವುದೋ ಒಂದು ಹೆಸರು ಸಿಕ್ಕೇ ಸಿಗುತ್ತದೆ. ಬಳ್ಳಾರಿಯಲ್ಲಿ ಹಳೆ ಬಟ್ಟೆಗಳ ಪರೀಕ್ಷೆ, ದುರಸ್ತಿ ನನ್ನ ಕೆಲಸ. ನಾನು ಹೆಸರಿಗೆ ಬರುವುದು ಕೊನೆಗೆ. ಮೊದಲು ಬಟ್ಟೆಯನ್ನು ತಿರುವಿ ಹಾಕುತ್ತೇನೆ.

ಡಚ್ ಚಿತ್ರಕಾರ ಮೊಂಡ್ರಿಯಾನ್ ವಿಷಯವನ್ನೇ ತಗೊಳ್ಳಿ. ಅವರ ಚಿತ್ರ ಅಂದರೆ ಬಿಳಿ ಮೈ, ದಪ್ಪ ಕಪ್ಪು ಗೆರೆ, ಕೆಂಪು, ಹಳದಿ, ನೀಲಿ ಚೌಕಗಳು. ಅವರು ತೀರಿಕೊಂಡಿದ್ದು 1944ರಲ್ಲಿ. ಆ ಚೌಕಗಳು ಫ್ಯಾಷನ್ನಿನಲ್ಲಿ ಮನೆಮಾತಾಗಿದ್ದು 1965ರಲ್ಲಿ, ಪ್ಯಾರಿಸ್ಸಿನ ಈವ್ ಸಾಂ ಲೊರಾಂ ಮಾಡಿದ ಉಡುಪುಗಳಿಂದ. ಆದರೆ ಆ ಮೂಲ ಉಡುಪಿನಲ್ಲಿ ಪ್ರಿಂಟೇ ಇಲ್ಲ! ಒಂದೊಂದು ಬಣ್ಣವೂ ಉಣ್ಣೆಯ ಜೆರ್ಸಿ ಬಟ್ಟೆಯ ಬೇರೆ ಬೇರೆ ತುಂಡು. ಮೈಗೆ ಹೊಂದಿಸುವ ಹೊಲಿಗೆಯೆಲ್ಲ ಆ ಗೆರೆಗಳಲ್ಲೇ ಅಡಗಿದೆ. ಅದನ್ನು ನೋಡಿ ಕಡಿಮೆ ಬೆಲೆಗೆ ಮಾಡಿದವರು ಗೆರೆಗಳನ್ನು ಸುಮ್ನೆ ಪ್ರಿಂಟ್ ಹಾಕಿದರು. ಕಪ್ಪು ಗೆರೆಯ ಮೇಲೆ ಬೆರಳಿಟ್ಟು ಪಕ್ಕದ ಹೊಲಿಗೆವರೆಗೂ ಹೋಗಿ. ಅಲ್ಲಿ ಗೆರೆ ಮೇಲೋ ಕೆಳಗೋ ಜಾರಿದರೆ, ಎದೆಯ ಡಾರ್ಟ್ (ಮೈಗೆ ಹೊಂದಲು ಬಟ್ಟೆ ಮಡಿಚಿ ಹಾಕಿದ ಹೊಲಿಗೆ) ಹತ್ತಿರ ಮುರಿದರೆ, ಅದು ಪ್ರಿಂಟ್. ಜೀನ್ಸ್ ಹೊಲಿಯುವ ನಮ್ಮೂರಿನ ಟೈಲರ್‌ಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಚಿತ್ರಕಲೆ ಓದಿದವರಿಗಿಂತ ಬೇಗ ಅವರೇ ಹಿಡಿದುಬಿಡುತ್ತಾರೆ.

ನಮ್ಮ ಕಡೆ ಟ್ರಂಕುಗಳಲ್ಲಿ ಉಣ್ಣೆ ಫ್ರಾಕ್ ಎಲ್ಲಿಂದ ಬರಬೇಕು? ಸಿಗುವುದು ನೈಲಾನಿನ ನೈಲೆಕ್ಸ್ ಸೀರೆ, ವಾಯಿಲ್ ಸೀರೆ, ಟೆರಿಲಿನ್ ಶರ್ಟು. ಈಚೆಗೆ ಬಂದ ಒಂದು ನೈಲೆಕ್ಸ್ ಸೀರೆಯ ತುಂಬ ಕಪ್ಪು ಬಿಳಿ ಅಲೆಗಳು. ಎರಡು ನಿಮಿಷ ನೋಡಿದರೆ ಬಟ್ಟೆಯೇ ಅಲುಗಾಡಿದಂತಾಗುತ್ತದೆ. "ನಮ್ಮವ್ವ ಇದನ್ನ ಉಟ್ಟಾಗೆಲ್ಲ ನಮಗೆ ತಲೆ ತಿರುಗೋದು" ಎಂದರು ತಂದವರು. ಕಣ್ಣಿಗೆ ಹೀಗೆ ಭ್ರಮೆ ಹುಟ್ಟಿಸುವುದೇ ಆಪ್ ಆರ್ಟ್ ಚಿತ್ರಗಳ ಗುಣ. 1965ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಇಂಥ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ಇಂಗ್ಲೆಂಡಿನ ಬ್ರಿಜೆಟ್ ರೈಲಿ ಅವರ ಚಿತ್ರಗಳೂ ಅಲ್ಲಿದ್ದವು. ಅವರನ್ನು ಕೇಳದೆಯೇ ಆ ಚಿತ್ರಗಳು ಅಂಗಡಿಯ ಉಡುಪುಗಳ ಮೇಲೆ ಬಂದವು. ಅವರು ಇದರಿಂದ ತುಂಬ ನೊಂದುಕೊಂಡರು. ನೋಯುವುದು ನ್ಯಾಯವೇ.

ಹಾಗಂತ ಈ ಸೀರೆಗೆ ರೈಲಿ ಹೆಸರು ಕೊಡಲು ನಾನು ಒಪ್ಪಲಿಲ್ಲ. ಅವರ 'ಕರೆಂಟ್' ಎಂಬ ಚಿತ್ರದಲ್ಲಿ ಅಲೆಗಳು ನಡುವಿಗೆ ಬಂದಂತೆ ಒತ್ತೊತ್ತಾಗುತ್ತವೆ. ಸೀರೆಯ ಅಲೆಗಳನ್ನು ಟೇಪು ಹಿಡಿದು ಅಳೆದೆ. ಎಲ್ಲವೂ ಒಂದೇ ಅಳತೆ, ಸೆರಗಿನವರೆಗೂ ಅದೇ ಮರುಕಳಿಕೆ. ಡಿಸೈನ್ ಬರೆದವರು ಕಣ್ಣನ್ನು ಆಡಿಸುವ ಉಪಾಯವನ್ನಷ್ಟೇ ತಗೊಂಡಿದ್ದಾರೆ, ಚಿತ್ರವನ್ನಲ್ಲ. ಹಾಗಾಗಿ ಚೀಟಿಯಲ್ಲಿ 'ಆಪ್ ಆರ್ಟ್ ಪ್ರಭಾವ' ಅಂತ ಮಾತ್ರ ಬರೆದೆ.

ಪಾಲಿಸ್ಟರ್ ಶರ್ಟುಗಳಲ್ಲಿ ಒಳಮೈ ಇನ್ನೂ ಜಾಸ್ತಿ ಹೇಳುತ್ತದೆ. ಮುಂದೆ ಫೋಟೋದಷ್ಟು ಸ್ಪಷ್ಟ ಚಿತ್ರ, ಹಿಂದೆ ಹೆಚ್ಚುಕಡಿಮೆ ಬಿಳಿ ಇದ್ದರೆ, ಕಾಗದದ ಮೇಲಿನ ಬಣ್ಣವನ್ನು ಬಿಸಿ ಒತ್ತಿ ಇಳಿಸಿದ್ದಾರೆ ಅಂತ ಲೆಕ್ಕ. ಈ ಪದ್ಧತಿ ಜೋರಾಗಿದ್ದು 1970ರ ದಶಕದಲ್ಲಿ. ಅಂಥ ಶರ್ಟನ್ನು ಯಾರಾದರೂ 1950ರದ್ದು ಅಂತ ಮಾರಲು ಬಂದರೆ ನಂಬಬೇಡಿ.

ಇನ್ನು 'ಲೇಪಾಕ್ಷಿ ಡಿಸೈನ್' ಸೀರೆಗಳು. ಲೇಪಾಕ್ಷಿಯ ವೀರಭದ್ರ ದೇವಸ್ಥಾನದ ಛಾವಣಿಯ ಚಿತ್ರಗಳು 16ನೇ ಶತಮಾನದವು, ವಿಜಯನಗರದ ಕಾಲದವು. ಅಲ್ಲಿನ ಹೆಂಗಸರ ಸೀರೆಗಳನ್ನು ಗಮನಿಸಿ: ಗೆರೆ, ಚೌಕಳಿ, ಹೂವು, ಹೀಗೆ ಒಂದೊಂದಕ್ಕೂ ಒಂದೊಂದು ಮಾದರಿ. ತಮ್ಮ ಕಾಲದ ಬಟ್ಟೆಗಳನ್ನು ಕಣ್ಣಾರೆ ಕಂಡು ಬರೆದವರ ಕೈ ಅದು. ಅಂದರೆ ಇಲ್ಲಿ ಬಟ್ಟೆ ಛಾವಣಿಗೆ ಹೋಗಿ, ಅಲ್ಲಿಂದ ಮತ್ತೆ ಬಟ್ಟೆಗೆ ಬಂದಿದೆ. ಇಂಥ ಸೀರೆ ಬಂದಾಗ ಚಿತ್ರದ ಹೆಸರಿನ ಜೊತೆ ಆ ಕಾಲದ ನೇಕಾರರನ್ನೂ ಬಣ್ಣ ಹಾಕಿದವರನ್ನೂ ಚೀಟಿಯಲ್ಲಿ ಸೇರಿಸುತ್ತೇನೆ.